ಮಗಳ ಬೆನ್ನು ನೋಡಿ ಎಷ್ಟು ದಿನವಾಯ್ತು?

ಮಗು ಚಿಕ್ಕದಿದ್ದಾಗ ವಾರಕ್ಕೊಮ್ಮೆ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಿರಿ. ಅವಳ ಮೈಮೇಲಿನ ಒಂದೊಂದು ಮಚ್ಚೆಯೂ ನಿಮಗೆ ಗೊತ್ತಿತ್ತು. ಈಗ ಅವಳಿಗೆ ಹನ್ನೊಂದೋ ಹನ್ನೆರಡೋ. ಬಚ್ಚಲಿನ ಚಿಲಕ ಒಳಗಿನಿಂದ ಹಾಕಿಕೊಳ್ಳುತ್ತಾಳೆ. ಬಟ್ಟೆ ಬದಲಿಸುವಾಗ ಒಳಗೆ ಹೋದರೆ 'ಅಮ್ಮಾ, ಆಚೆ ಹೋಗು' ಅಂತಾಳೆ. ತಪ್ಪೇನಿಲ್ಲ ಬಿಡಿ, ವಯಸ್ಸೇ ಅಂಥದ್ದು. ಆದರೆ ಮಗಳ ಬೆನ್ನನ್ನು ಕೊನೆಯ ಸಲ ಸರಿಯಾಗಿ ನೋಡಿದ್ದು ಯಾವಾಗ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಬಹಳಷ್ಟು ತಾಯಂದಿರಿಗೆ ನೆನಪೇ ಆಗುವುದಿಲ್ಲ.

ಇಷ್ಟು ಕೇಳುವುದಕ್ಕೆ ಕಾರಣವಿದೆ. ಬೆನ್ನುಮೂಳೆ ಪಕ್ಕಕ್ಕೆ ಬಾಗಿ ಬೆಳೆಯುವ ತೊಂದರೆಗೆ ವೈದ್ಯರು ಸ್ಕೋಲಿಯೋಸಿಸ್ ಅನ್ನುತ್ತಾರೆ. ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಸರಿಯಾಗಿ ಇದೇ ವಯಸ್ಸಿನಲ್ಲಿ, ಮಗು ಸರಸರ ಎತ್ತರವಾಗುವ ಹೊತ್ತಿನಲ್ಲಿ. ಬಹುಪಾಲು ಮಕ್ಕಳಿಗೆ ನೋವಿರುವುದಿಲ್ಲ, ಓಟ-ಆಟ ಎಲ್ಲ ಎಂದಿನಂತೆಯೇ. ಅಂದರೆ ತಾಯಿ ಮಗಳ ಬೆನ್ನು ನೋಡುವುದನ್ನು ನಿಲ್ಲಿಸಿದ ವರ್ಷಗಳಲ್ಲೇ ಬೆನ್ನು ಸದ್ದಿಲ್ಲದೆ ಸೊಟ್ಟಗಾಗುತ್ತಾ ಹೋಗುತ್ತದೆ.

ಟೈಲರ್ ಕಣ್ಣಿಗೆ ಮೊದಲು

ಎಷ್ಟೋ ಮನೆಗಳಲ್ಲಿ ಇದನ್ನು ಮೊದಲು ಹೇಳುವವರು ಡಾಕ್ಟರಲ್ಲ, ಟೈಲರ್. 'ಮೇಡಂ, ಪಾಪುಗೆ ಒಂದು ಭುಜ ಮೇಲಿದೆ, ಅಳತೆ ಸರಿಯಾಗಿ ಬರ್ತಿಲ್ಲ' ಅಂತಾನೆ ಅವನು. ಚೂಡಿದಾರದ ಕುತ್ತಿಗೆ ಒಂದೇ ಕಡೆ ಜಾರುತ್ತದೆ, ಲಂಗದ ಅಂಚು ಒಂದು ಕಡೆ ನೆಲ ಮುಟ್ಟಿದರೆ ಇನ್ನೊಂದು ಕಡೆ ಮೇಲೆ ನಿಲ್ಲುತ್ತದೆ. ಜಡೆ ಹಾಕುವಾಗ ಹಿಂದಿನಿಂದ ನೋಡಿದರೆ ಒಂದು ಭುಜದ ರೆಕ್ಕೆಮೂಳೆ ಹೆಚ್ಚು ಎದ್ದಿರುತ್ತದೆ. ಸೊಂಟದ ಒಂದು ಪಕ್ಕ ಒಳಕ್ಕೆ ಬಾಗಿ, ಇನ್ನೊಂದು ಪಕ್ಕ ನೇರವಾಗಿ ಇಳಿದಿರುತ್ತದೆ. ನಾವೋ, 'ನೆಟ್ಟಗೆ ನಿಂತ್ಕೊಳ್ಳೇ' ಅಂತ ಗದರಿ ಸುಮ್ಮನಾಗುತ್ತೇವೆ. ಪಾಪ, ಆ ಮಗು ಎಷ್ಟು ಪ್ರಯತ್ನಪಟ್ಟರೂ ನೆಟ್ಟಗೆ ನಿಲ್ಲಲಾರದು.

ಮನೆಯಲ್ಲೇ ಮಾಡಬಹುದಾದ ಒಂದು ಸುಲಭ ಪರೀಕ್ಷೆಯಿದೆ. ಇಂಗ್ಲೆಂಡಿನ ಸರ್ಜನ್ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ್ದು, ಇವತ್ತಿಗೂ ಪ್ರಪಂಚದ ವೈದ್ಯರೆಲ್ಲ ಇದನ್ನೇ ಮೊದಲು ಮಾಡುವುದು. ಮಗಳಿಗೆ ಬೆನ್ನು ಕಾಣುವಂಥ ಬಟ್ಟೆ ಹಾಕಿಸಿ. ಪಾದ ಜೋಡಿಸಿ, ಮಂಡಿ ಬಗ್ಗಿಸದೆ, ಎರಡೂ ಅಂಗೈ ಸೇರಿಸಿ ಮುಂದಕ್ಕೆ ಬಾಗಲು ಹೇಳಿ. ನೀವು ಹಿಂದೆ ಕುಳಿತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಎಡ ಬಲ ಸಮವಾಗಿದ್ದರೆ ಸರಿ. ಪಕ್ಕೆಲುಬಿನ ಒಂದು ಕಡೆ ದಿಬ್ಬದ ಹಾಗೆ ಎದ್ದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಬೆನ್ನುಮೂಳೆ ಬರೀ ಪಕ್ಕಕ್ಕೆ ಬಾಗುವುದಿಲ್ಲ, ಬಾಗುತ್ತಾ ತಿರುಚಿಕೊಳ್ಳುತ್ತದೆ. ಅದರ ಜೊತೆ ಪಕ್ಕೆಲುಬೂ ತಿರುಗುವುದರಿಂದಲೇ ಈ ದಿಬ್ಬ ಕಾಣುವುದು. ಹತ್ತು ವರ್ಷ ತುಂಬಿದ ಮೇಲೆ ಆರು ತಿಂಗಳಿಗೊಮ್ಮೆ, ಯುಗಾದಿಗೊಂದು ದೀಪಾವಳಿಗೊಂದು ಎಣ್ಣೆ ಸ್ನಾನದ ನೆಪದಲ್ಲಿ ನೋಡಿಬಿಟ್ಟರೆ ಸಾಕು.

ಬ್ಯಾಗಿನ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ

ವಿಷಯ ಗೊತ್ತಾದ ಕೂಡಲೇ ಮನೆಯಲ್ಲಿ ವಿಚಾರಣೆ ಶುರುವಾಗುತ್ತದೆ. ಸ್ಕೂಲ್ ಬ್ಯಾಗ್ ಭಾರ, ಮೊಬೈಲ್ ಹಿಡಿದು ವಾಲಿ ಕೂರೋದು, ಹಾಲು ಕುಡಿಯಲ್ಲ, ಬಾಣಂತನದಲ್ಲಿ ಸರಿಯಾಗಿ ಎಣ್ಣೆ ನೀವಲಿಲ್ಲ. ಕೊನೆಯದು ಸಾಮಾನ್ಯವಾಗಿ ಅತ್ತೆಯ ಕಡೆಯಿಂದ ಬರುವ ಮಾತು! ಇದ್ಯಾವುದೂ ಕಾರಣವಲ್ಲ. ಭಾರದ ಬ್ಯಾಗಿನಿಂದ ಬೆನ್ನು ನೋಯಬಹುದು, ಆದರೆ ಸ್ಕೋಲಿಯೋಸಿಸ್ ಬರುವುದಿಲ್ಲ. ಹತ್ತರಲ್ಲಿ ಎಂಟು ಮಕ್ಕಳಲ್ಲಿ ನಿಖರ ಕಾರಣ ಗೊತ್ತಾಗುವುದಿಲ್ಲ. ವಂಶದಲ್ಲಿ ಇದ್ದರೆ ಸಾಧ್ಯತೆ ಸ್ವಲ್ಪ ಹೆಚ್ಚು. ಹಾಗಾಗಿ ಅಕ್ಕನಿಗಿದ್ದರೆ ತಂಗಿಯ ಬೆನ್ನನ್ನೂ ನೋಡಿ.

ಸಣ್ಣ ಬಾಗು ನೂರು ಮಕ್ಕಳಲ್ಲಿ ಎರಡು ಮೂರು ಮಂದಿಗೆ ಇರುತ್ತದೆ, ಗಂಡು ಹೆಣ್ಣೆಂಬ ಭೇದ ಅಷ್ಟಾಗಿ ಇಲ್ಲ. ಆದರೆ ಚಿಕಿತ್ಸೆ ಬೇಕಾಗುವಷ್ಟು ದೊಡ್ಡದಾಗುವುದು ಮಾತ್ರ ಹುಡುಗಿಯರಲ್ಲೇ ಹಲವು ಪಟ್ಟು ಜಾಸ್ತಿ.

ಇನ್ನು ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಒಂದೆರಡು ಬೆನ್ನುಮೂಳೆ ಅರ್ಧ ಮಾತ್ರ ರೂಪುಗೊಂಡಿರುತ್ತದೆ, ಇಲ್ಲವೇ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಇಂಥ ಮಕ್ಕಳಲ್ಲಿ ಹೃದಯ ಮತ್ತು ಕಿಡ್ನಿಯನ್ನೂ ಸ್ಕ್ಯಾನ್ ಮಾಡಿ ನೋಡುತ್ತಾರೆ, ಯಾಕೆಂದರೆ ಗರ್ಭದಲ್ಲಿ ಇವೆಲ್ಲ ರೂಪುಗೊಳ್ಳುವುದು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಪೋಲಿಯೋ, ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷೀಣತೆ ಇರುವ ಮಕ್ಕಳಲ್ಲೂ ಬೆನ್ನು ಬಾಗುತ್ತದೆ.

ಒಂದು ಎಚ್ಚರಿಕೆ ಮಾತ್ರ ದಪ್ಪಕ್ಷರದಲ್ಲಿ ಓದಿಕೊಳ್ಳಿ. ಬೆನ್ನಿನ ಮಧ್ಯೆ ಚೂಪಾಗಿ ಗೂನು ಎದ್ದಿದೆ, ರಾತ್ರಿ ನೋವಿಗೆ ಮಗು ಎದ್ದು ಅಳುತ್ತದೆ, ಸಂಜೆ ಹೊತ್ತು ಮೈ ಬಿಸಿ, ತೂಕ ಇಳಿಯುತ್ತಿದೆ ಅಂದರೆ ಅದು ಬೆನ್ನುಮೂಳೆಯ ಕ್ಷಯ ಆಗಿರಬಹುದು. ನಮ್ಮ ದೇಶದಲ್ಲಿ ಇದೇನು ಅಪರೂಪವಲ್ಲ, ಔಷಧಿಯಿಂದ ಗುಣವಾಗುವಂಥದ್ದು. ಅಂಥ ಮಗುವನ್ನು ಮೂಳೆ ಕೂರಿಸುವವರ ಹತ್ತಿರ ಕರೆದೊಯ್ದು ಎಳೆಸಿ, ತಿಕ್ಕಿಸಿ ಮಾಡಿದರೆ ಕಾಲಿನ ಸ್ವಾಧೀನವೇ ಹೋಗಬಹುದು. ದಯವಿಟ್ಟು ಬೇಡ.

ಡಿಗ್ರಿ ಲೆಕ್ಕ

ಡಾಕ್ಟರ್ ಮಗುವನ್ನು ನಿಲ್ಲಿಸಿ ಇಡೀ ಬೆನ್ನಿನ ಎಕ್ಸ್-ರೇ ತೆಗೆಸುತ್ತಾರೆ. ಮಲಗಿಸಿ ತೆಗೆದದ್ದು ಉಪಯೋಗವಿಲ್ಲ, ಮಲಗಿದಾಗ ಬಾಗು ಕಡಿಮೆ ಕಾಣುತ್ತದೆ. ಎಕ್ಸ್-ರೇ ಮೇಲೆ ಗೆರೆ ಎಳೆದು ಕೋನ ಅಳೆಯುತ್ತಾರೆ. ಇದಕ್ಕೆ ಕಾಬ್ ಕೋನ ಅನ್ನುತ್ತಾರೆ, 1948ರಲ್ಲಿ ಇದನ್ನು ಬಳಕೆಗೆ ತಂದ ಅಮೆರಿಕದ ವೈದ್ಯ ಜಾನ್ ಕಾಬ್ ಹೆಸರಿನಲ್ಲಿ. ನೀವು ಬರೆದಿಟ್ಟುಕೊಳ್ಳಬೇಕಾದ ಸಂಖ್ಯೆ ಇದೇ. ಪ್ರತಿ ಸಲದ ಡಿಗ್ರಿ, ತಾರೀಖು, ಮಗಳ ಎತ್ತರ, ಇಷ್ಟನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಹಳೆಯ ಎಕ್ಸ್-ರೇ ಎಸೆಯಬೇಡಿ.

10 ಡಿಗ್ರಿಯ ಒಳಗಿದ್ದರೆ ಅದನ್ನು ಸ್ಕೋಲಿಯೋಸಿಸ್ ಅಂತಲೇ ಕರೆಯುವುದಿಲ್ಲ. 25ರವರೆಗೆ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತಾ ಹೋಗುತ್ತಾರೆ. 25ರಿಂದ 40ರವರೆಗೆ, ಮಗು ಇನ್ನೂ ಬೆಳೆಯುತ್ತಿದ್ದರೆ, ಬ್ರೇಸ್. 45-50 ದಾಟಿದರೆ ಆಪರೇಷನ್ ಮಾತು. 'ದೊಡ್ಡವಳಾಗಿ ಎಷ್ಟು ತಿಂಗಳಾಯಿತು?' ಅಂತ ಡಾಕ್ಟರ್ ಕೇಳಿದರೆ ಮುಜುಗರ ಬೇಡ. ಮುಟ್ಟು ಶುರುವಾಗುವುದಕ್ಕೆ ಮುಂಚಿನ ವರ್ಷದಲ್ಲೇ ಬೆಳವಣಿಗೆಯ ವೇಗ ಹೆಚ್ಚು, ಆಮೇಲೆ ಸುಮಾರು ಎರಡು ವರ್ಷದಲ್ಲಿ ನಿಧಾನವಾಗಿ ನಿಲ್ಲುತ್ತದೆ. ಇನ್ನೂ ದೊಡ್ಡವಳಾಗದ ಹುಡುಗಿಯ 30 ಡಿಗ್ರಿಗೂ, ದೊಡ್ಡವಳಾಗಿ ಎರಡು ವರ್ಷವಾದವಳ 30 ಡಿಗ್ರಿಗೂ ಅಜಗಜಾಂತರ ವ್ಯತ್ಯಾಸ. ಸೊಂಟದ ಮೂಳೆಯ ಎಕ್ಸ್-ರೇ ನೋಡಿಯೂ ಎಷ್ಟು ಬೆಳವಣಿಗೆ ಬಾಕಿಯಿದೆ ಅಂತ ಅಂದಾಜು ಮಾಡುತ್ತಾರೆ.

ಬ್ರೇಸ್ ಅಂದರೆ ಕಂಕುಳಿಂದ ಸೊಂಟದವರೆಗೆ ಬಿಗಿಯಾಗಿ ಹಿಡಿಯುವ ಪ್ಲಾಸ್ಟಿಕ್ ಕವಚ. ಇರುವ ಬಾಗನ್ನು ತೆಗೆಯುವುದು ಅದರ ಕೆಲಸವಲ್ಲ, ಹೆಚ್ಚಾಗದಂತೆ ತಡೆಯುವುದಷ್ಟೇ. ಪ್ರಯೋಜನ ಇದೆಯೋ ಇಲ್ಲವೋ ಅಂತ ವೈದ್ಯರಲ್ಲೇ ಬಹಳ ಕಾಲ ವಾದವಿತ್ತು. 2013ರಲ್ಲಿ ಅಮೆರಿಕ, ಕೆನಡಾಗಳ ಒಂದು ದೊಡ್ಡ ಅಧ್ಯಯನ ಆ ವಾದ ಮುಗಿಸಿತು. ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಂದಿ ಆಪರೇಷನ್ ಹಂತ ಮುಟ್ಟಲಿಲ್ಲ, ಹಾಕದವರಲ್ಲಿ 48 ಮಂದಿ. ದಿನಕ್ಕೆ 13 ಗಂಟೆಗಿಂತ ಹೆಚ್ಚು ಹಾಕಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಬಚಾವಾದರು. ಹೇಳುವುದು ಸುಲಭ, ಏಪ್ರಿಲ್ ಬಿಸಿಲಲ್ಲಿ ಅದನ್ನು ತೊಟ್ಟು ಕೂರುವುದು ಕಷ್ಟ. ಒಳಗೆ ಹೊಲಿಗೆ ಒತ್ತದಂಥ ಹತ್ತಿ ಬನಿಯನ್ ಹಾಕಿಸಿ, ಬೆವೆತರೆ ಬದಲಿಸಿ. ಯೂನಿಫಾರ್ಮ್ ಒಂದು ಸೈಜ್ ದೊಡ್ಡದು ಹೊಲಿಸಿ. ಹೊಟ್ಟೆ ಒತ್ತುವುದರಿಂದ ಒಂದೇ ಸಲ ತಟ್ಟೆ ತುಂಬಾ ಊಟ ಇಳಿಯುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸಲ ಕೊಡಿ. ನೆಂಟರ ಮದುವೆಗೆ ಎರಡು ಗಂಟೆ ಬಿಚ್ಚಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ಅಷ್ಟು ಸಡಿಲ ಬಿಟ್ಟರೇ ಮಕ್ಕಳು ಉಳಿದ ದಿನ ಹಾಕಿಕೊಳ್ಳುವುದು.

ಯೋಗಾಸನ ಮಾಡಿಸಬಹುದೇ? ಧಾರಾಳವಾಗಿ. ಮೈ ಗಟ್ಟಿಯಾಗುತ್ತದೆ, ಉಸಿರಾಟ ಚೆನ್ನಾಗಿರುತ್ತದೆ. ಆದರೆ 50 ಡಿಗ್ರಿಯನ್ನು ಆಸನದಿಂದ ನೇರ ಮಾಡಿಕೊಡುತ್ತೇನೆ ಅಂತ ಯಾರಾದರೂ ಫೀಸ್ ಕಟ್ಟಿಸಿಕೊಂಡರೆ ನಂಬಬೇಡಿ. ಅಲ್ಲಿ ಕಳೆದುಹೋಗುವುದು ಹಣಕ್ಕಿಂತ ಹೆಚ್ಚಾಗಿ ಮಗುವಿನ ಬೆಳೆಯುವ ತಿಂಗಳುಗಳು.

ಆಪರೇಷನ್ ಮಾಡಿಸಲೇಬೇಕಾ?

ಇದು ಎಲ್ಲರ ಪ್ರಶ್ನೆ. ಮಗಳು ಆರಾಮಾಗಿ ಓಡಾಡುತ್ತಿದ್ದಾಳೆ, ಸುಮ್ಮನೆ ಯಾಕೆ ಬೆನ್ನು ಕೊಯ್ಯಿಸೋದು ಅನ್ನಿಸುವುದು ಸಹಜ. 50 ಡಿಗ್ರಿ ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ಸುಮ್ಮನಿರುವುದಿಲ್ಲ, ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಮುಂದುವರಿಯಬಹುದು. ಹದಿನೈದಕ್ಕೆ 55 ಇದ್ದದ್ದು ನಲವತ್ತರ ಹೊತ್ತಿಗೆ 80. ಆಗ ಎದೆಗೂಡು ಕಿರಿದಾಗಿ ಶ್ವಾಸಕೋಶ ಹಿಗ್ಗಲು ಜಾಗ ಸಾಲದು. ಹಾಗಂತ ಹೆದರಿಸುವುದೂ ಸರಿಯಲ್ಲ. ಚಿಕಿತ್ಸೆಯಿಲ್ಲದೆ ಉಳಿದವರನ್ನು ಅಮೆರಿಕದ ಅಯೋವಾದಲ್ಲಿ 50 ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನವರು ದುಡಿದು, ಸಂಸಾರ ಮಾಡಿಕೊಂಡು ಬದುಕಿದ್ದು ಕಂಡುಬಂತು. ಆದರೆ ಬೆನ್ನುನೋವು ಅವರಲ್ಲಿ ಹೆಚ್ಚಿತ್ತು, ತಮ್ಮ ಮೈಕಟ್ಟಿನ ಬಗ್ಗೆ ಕೊರಗಿತ್ತು, ತುಂಬಾ ಬಾಗಿದವರಿಗೆ ಏದುಸಿರಿತ್ತು. ಇವತ್ತೇ ಮಾಡಿಸದಿದ್ದರೆ ಜೀವಕ್ಕೆ ಅಪಾಯ ಅಂತ ಯಾರಾದರೂ ಅವಸರಪಡಿಸಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಿ. ಇದು ಯೋಚಿಸಿ, ಮಗಳನ್ನೂ ಕೂರಿಸಿಕೊಂಡು ಮಾತಾಡಿ, ಪರೀಕ್ಷೆ ರಜೆ ನೋಡಿಕೊಂಡು ಮಾಡಿಸಬಹುದಾದ ಆಪರೇಷನ್. ಆದರೆ ವರ್ಷಗಟ್ಟಲೆ ಮುಂದೂಡಬೇಡಿ. ಬಾಗು ಹೆಚ್ಚಿದಷ್ಟೂ ಬಿಗಿಯಾಗುತ್ತದೆ, ನೇರ ಮಾಡುವುದು ಕಷ್ಟವಾಗುತ್ತದೆ.

ಅಮೆರಿಕದ ಹ್ಯೂಸ್ಟನ್‌ನಲ್ಲಿ ಪೋಲಿಯೋ ಮಕ್ಕಳ ಬಾಗಿದ ಬೆನ್ನು ನೋಡಲಾಗದೆ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಸ್ಟೀಲ್ ಸರಳು ಹಾಕುವ ವಿಧಾನ ರೂಪಿಸಿದರು, 1962ರಲ್ಲಿ ಅದು ಪ್ರಕಟವಾಯಿತು. ಆ ಕಾಲದ ಮಕ್ಕಳು ತಿಂಗಳುಗಟ್ಟಲೆ ಪ್ಲಾಸ್ಟರ್ ಹಾಕಿಕೊಂಡಿರಬೇಕಿತ್ತು. ಈಗ ಹಾಗಿಲ್ಲ. ಮಗುವನ್ನು ಬೋರಲಾಗಿ ಮಲಗಿಸಿ, ಬೆನ್ನ ಮಧ್ಯೆ ಉದ್ದಕ್ಕೆ ತೆರೆದು, ಒಂದೊಂದು ಮೂಳೆಗೂ ಸ್ಕ್ರೂ ಹಾಕಿ, ಎರಡು ಲೋಹದ ಸರಳುಗಳಿಗೆ ಜೋಡಿಸಿ ಬಾಗನ್ನು ತಿರುಗಿಸಿ ನೇರ ಮಾಡುತ್ತಾರೆ. ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ಆ ಜಾಗದಲ್ಲಿ ಮೂಳೆಯ ಚೂರುಗಳನ್ನು ಹರಡುತ್ತಾರೆ, ಆರು ತಿಂಗಳಿಂದ ಒಂದು ವರ್ಷದೊಳಗೆ ಅವೆಲ್ಲ ಬೆಸೆದು ಒಂದೇ ಮೂಳೆಯಾಗುತ್ತವೆ. ನಿಜವಾದ ಆಧಾರ ಆ ಬೆಸುಗೆ, ಸರಳು ಬರೀ ಅಲ್ಲಿಯವರೆಗಿನ ಊರುಗೋಲು. ಆದರೂ ತೊಂದರೆ ಕೊಡದಿದ್ದರೆ ಸರಳನ್ನು ತೆಗೆಯುವುದಿಲ್ಲ. ಬಾಗು ನೂರಕ್ಕೆ ನೂರು ಹೋಗುವುದಿಲ್ಲ. ಅರವತ್ತು ಎಪ್ಪತ್ತು ಭಾಗ ಸರಿಹೋಯಿತೆಂದರೆ ಒಳ್ಳೆಯ ಆಪರೇಷನ್. ಎಷ್ಟೋ ಮಕ್ಕಳು ಆಪರೇಷನ್ ಟೇಬಲ್ ಮೇಲೇ ಒಂದೆರಡು ಸೆಂಟಿಮೀಟರ್ ಎತ್ತರವಾಗಿರುತ್ತಾರೆ!

'ಕಾಲು ಬಿದ್ದುಹೋದರೆ?' ಈ ಭಯ ಬಾಯಿಬಿಟ್ಟು ಹೇಳದಿದ್ದರೂ ಎಲ್ಲ ತಾಯಂದಿರ ಎದೆಯಲ್ಲಿರುತ್ತದೆ. ಇಡೀ ಆಪರೇಷನ್ ಹೊತ್ತು ತಲೆಗೂ ಕಾಲಿಗೂ ತಂತಿ ಜೋಡಿಸಿ, ಬೆನ್ನುಹುರಿಯಲ್ಲಿ ಸಂಕೇತ ಸರಿಯಾಗಿ ಹರಿಯುತ್ತಿದೆಯೇ ಅಂತ ಯಂತ್ರದಲ್ಲಿ ನೋಡುತ್ತಿರುತ್ತಾರೆ. ಏರುಪೇರಾದರೆ ತಕ್ಷಣ ಸಡಿಲ ಮಾಡುತ್ತಾರೆ. ಕಾರಣ ತಿಳಿಯದ ಮಾಮೂಲಿ ಸ್ಕೋಲಿಯೋಸಿಸ್‌ನಲ್ಲಿ ನರಕ್ಕೆ ಪೆಟ್ಟಾಗುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಅದನ್ನು ತಿಳಿದೇ ಸಹಿ ಹಾಕಿ. ಕೀವಾಗುವುದು, ಸ್ಕ್ರೂ ಸಡಿಲವಾಗುವುದು, ಮೂಳೆ ಬೆಸೆಯದಿರುವುದು ಇಂಥ ತೊಂದರೆಗಳೂ ಉಂಟು. ಆಸ್ಪತ್ರೆ ಆರಿಸುವಾಗ ಎರಡು ಪ್ರಶ್ನೆ ಸಂಕೋಚವಿಲ್ಲದೆ ಕೇಳಿ: ಮಕ್ಕಳ ಬೆನ್ನಿನ ಆಪರೇಷನ್ ವರ್ಷಕ್ಕೆ ಎಷ್ಟು ಮಾಡುತ್ತೀರಿ? ನರದ ಸಂಕೇತ ನೋಡುವ ಯಂತ್ರ ಮತ್ತು ಅದನ್ನು ಓದುವ ತಜ್ಞರು ಇದ್ದಾರಾ? ಉತ್ತರ ತಡವರಿಸಿದರೆ ಮುಂದಿನ ಆಸ್ಪತ್ರೆ ನೋಡಿ.

ತೀರಾ ಚಿಕ್ಕ ಮಕ್ಕಳ ವಿಷಯ ಬೇರೆ. ಐದು ವರ್ಷದ ಮಗುವಿನ ಬೆನ್ನನ್ನು ಬೆಸೆದುಬಿಟ್ಟರೆ ಎದೆಯೂ ಅಲ್ಲಿಗೇ ನಿಲ್ಲುತ್ತದೆ, ಶ್ವಾಸಕೋಶ ಬೆಳೆಯುವುದಿಲ್ಲ. ಅದಕ್ಕೇ ಉದ್ದ ಮಾಡುತ್ತಾ ಹೋಗಬಹುದಾದ ಸರಳು ಹಾಕುತ್ತಾರೆ. ಹಿಂದೆ ಆರು ತಿಂಗಳಿಗೊಮ್ಮೆ ಕೊಯ್ದು ಉದ್ದ ಮಾಡಬೇಕಿತ್ತು, ಹೊರಗಿನಿಂದ ಅಯಸ್ಕಾಂತ ಹಿಡಿದು ಉದ್ದ ಮಾಡುವ ಸರಳುಗಳೂ ಆಮೇಲೆ ಬಂದವು. ಇನ್ನೂ ಚಿಕ್ಕ ಕೂಸಾದರೆ ಆಪರೇಷನ್ನೇ ಇಲ್ಲದೆ, ಪ್ಲಾಸ್ಟರ್ ಕವಚವನ್ನು ಬದಲಿಸುತ್ತಾ ಬೆನ್ನನ್ನು ತಿದ್ದಬಹುದು. ಇದನ್ನು ತೋರಿಸಿಕೊಟ್ಟವರು ಒಬ್ಬ ಹೆಣ್ಣುಮಗಳು, ಇಂಗ್ಲೆಂಡಿನಲ್ಲಿ ದುಡಿದ ಡಾ. ಮಿನ್ ಮೆಹ್ತಾ. 136 ಮಕ್ಕಳ ಅನುಭವವನ್ನು ಅವರು 2005ರಲ್ಲಿ ಪ್ರಕಟಿಸಿದರು. ಎರಡು ವರ್ಷದೊಳಗೇ ಬಂದ ಮಕ್ಕಳ ಬೆನ್ನು ಪೂರ್ತಿ ನೇರವಾಗಿತ್ತು, ತಡವಾಗಿ ಬಂದವರದ್ದು ಕಡಿಮೆಯಾಗಿತ್ತಷ್ಟೇ.

ಮನೆಗೆ ಬಂದ ಮೇಲೆ

ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ಒಂದೆರಡು ದಿನದಲ್ಲಿ ನಡೆಸುತ್ತಾರೆ, ವಾರದೊಳಗೆ ಮನೆ. ಮೊದಲ ಎರಡು ವಾರ ನೋವಿರುತ್ತದೆ, ಮಗಳು ಸಿಡುಕುತ್ತಾಳೆ, ಮಾತ್ರೆಗಳಿಂದ ಮಲಬದ್ಧತೆಯೂ ಆಗುತ್ತದೆ. ಹಣ್ಣು, ಸೊಪ್ಪು, ನೀರು ಜಾಸ್ತಿ ಕೊಡಿ. ಮನೆಯಲ್ಲಿ ಕುಕ್ಕರುಗಾಲಿನ ಲೆಟ್ರಿನ್ ಮಾತ್ರ ಇದ್ದರೆ ಆಪರೇಷನ್‌ಗೆ ಮುಂಚೆಯೇ ಕಮೋಡ್ ಚೇರ್ ತಂದಿಡಿ. ನೆಲದ ಮೇಲೆ ಊಟಕ್ಕೆ ಕೂರುವುದು, ಸ್ಕೂಟರ್ ಹಿಂದೆ ಗುಂಡಿ ರಸ್ತೆಯಲ್ಲಿ ಹೋಗುವುದು ಸದ್ಯಕ್ಕೆ ಬೇಡ. ಬಿದ್ದ ಪೆನ್ನು ತೆಗೆಯಲು ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಕೂರುವುದನ್ನು ಕಲಿಸಿ. ನಾಲ್ಕಾರು ವಾರಕ್ಕೆ ಸ್ಕೂಲು, ಬ್ಯಾಗು ಮಾತ್ರ ಗೆಳತಿಯ ಕೈಯಲ್ಲಿ. ಈಜು, ಓಟ, ಡ್ಯಾನ್ಸ್ ಎಲ್ಲ ಡಾಕ್ಟರ್ ಹೇಳಿದ ಹಾಗೆ ಕೆಲವು ತಿಂಗಳ ಮೇಲೆ. ಭರತನಾಟ್ಯ ಕಲಿಯುವ ಹುಡುಗಿಗೆ ಬೆನ್ನಿನ ಬಳುಕು ಸ್ವಲ್ಪ ಕಡಿಮೆಯಾಗುತ್ತದೆ ಅನ್ನುವುದನ್ನು ಮೊದಲೇ ಹೇಳಿಬಿಡಿ.

ಇನ್ನು ಮದುವೆ ಮಾತು. ಆಪರೇಷನ್ ವಿಷಯ ನೆಂಟರಿಗೆ ಗೊತ್ತಾದರೆ ಗಂಡು ಸಿಗುವುದು ಕಷ್ಟ ಅಂತ ಎಷ್ಟೋ ಮನೆಗಳಲ್ಲಿ ಮುಚ್ಚಿಡುತ್ತಾರೆ, ಮುಚ್ಚಿಡುವ ಭರದಲ್ಲಿ ಚಿಕಿತ್ಸೆಯನ್ನೇ ತಪ್ಪಿಸುತ್ತಾರೆ. ಬ್ರಿಟನ್ನಿನ ರಾಣಿ ಎಲಿಜಬೆತ್ ಮೊಮ್ಮಗಳು ಯೂಜಿನಿಗೆ 2002ರಲ್ಲಿ, ಹನ್ನೆರಡನೇ ವಯಸ್ಸಿನಲ್ಲಿ ಇದೇ ಆಪರೇಷನ್ ಆಗಿತ್ತು. 2018ರ ಅಕ್ಟೋಬರ್‌ನಲ್ಲಿ ಮದುವೆಯಾದಾಗ ಆಕೆ ಬೆನ್ನ ಮೇಲಿನ ಗಾಯದ ಗುರುತು ಕಾಣುವಂತೆಯೇ ಗೌನ್ ಹೊಲಿಸಿಕೊಂಡಿದ್ದಳು. ಈಗ ಎರಡು ಮಕ್ಕಳ ತಾಯಿ. ಬೆನ್ನು ಬೆಸೆದ ಹೆಣ್ಣುಮಕ್ಕಳು ಗರ್ಭ ಧರಿಸಬಹುದು, ಸಹಜ ಹೆರಿಗೆಯೂ ಆಗಬಹುದು. ಸೊಂಟದ ಕೆಳಭಾಗದವರೆಗೆ ಬೆಸೆದಿದ್ದರೆ ಬೆನ್ನಿಗೆ ಅರಿವಳಿಕೆ ಚುಚ್ಚುವುದು ಕಷ್ಟವಾಗಬಹುದು. ಅದಕ್ಕೇ ಆಪರೇಷನ್ ಕಾಗದ, ಎಕ್ಸ್-ರೇಗಳನ್ನು ಅವಳ ಮದುವೆಯಾದ ಮೇಲೂ ಜೋಪಾನವಾಗಿಡಬೇಕು.

ಮಗ ಅಂಗಿ ತೆಗೆಯಲು ಒಲ್ಲೆ ಅಂದರೆ

ಹುಡುಗರಲ್ಲಿ ಹೆಚ್ಚು ಕಾಣುವುದು ಎದೆಯ ತೊಂದರೆ. ಎದೆಮೂಳೆ ಒಳಕ್ಕೆ ಕುಸಿದು ಬಟ್ಟಲಿನಂತೆ ಗುಳಿ ಬೀಳುವುದು ಒಂದು, ಪಾರಿವಾಳದ ಎದೆಯಂತೆ ಮುಂದಕ್ಕೆ ಉಬ್ಬುವುದು ಇನ್ನೊಂದು. ಉಡುಪಿ, ಧರ್ಮಸ್ಥಳಕ್ಕೆ ಹೋದಾಗ ಅಂಗಿ ತೆಗೆಯಬೇಕಲ್ಲ ಅಂತ ದೇವಸ್ಥಾನದ ಹೊರಗೇ ನಿಲ್ಲುತ್ತಾನೆ. ಉಪನಯನದ ಫೋಟೋದಲ್ಲಿ ಕೈ ಕಟ್ಟಿಕೊಂಡೇ ಇರುತ್ತಾನೆ, ಈಜು ಕ್ಲಾಸ್ ಬೇಡ ಅಂತಾನೆ. ಇದನ್ನು ಬರೀ ನಾಚಿಕೆ ಅಂದುಕೊಳ್ಳಬೇಡಿ.

ಉಬ್ಬಿದ ಎದೆಗೆ ಬಹುತೇಕ ಆಪರೇಷನ್ ಬೇಡ. ಬೆಳೆಯುವ ವಯಸ್ಸಿನಲ್ಲಿ ಎದೆಯನ್ನು ಮೆಲ್ಲಗೆ ಒತ್ತಿ ಹಿಡಿಯುವ ಬ್ರೇಸ್ ಕೆಲವು ತಿಂಗಳು ಹಾಕಿದರೆ ತಗ್ಗುತ್ತದೆ. ಚಿಕ್ಕ ಮಕ್ಕಳಲ್ಲಾದರೆ ವಿಟಮಿನ್ ಡಿ ಕೊರತೆಯ ರಿಕೆಟ್ಸ್ ಇದೆಯೇ ಅಂತಲೂ ನೋಡಿಸಿ. ಗುಳಿ ಬಿದ್ದ ಎದೆಗೆ ಸ್ಕ್ಯಾನ್‌ನಲ್ಲಿ ಎದೆಯ ಅಗಲವನ್ನು ಎದೆಮೂಳೆ-ಬೆನ್ನುಮೂಳೆ ನಡುವಿನ ಅಂತರದಿಂದ ಭಾಗಿಸುತ್ತಾರೆ. ಸಾಮಾನ್ಯವಾಗಿ ಇದು ಎರಡೂವರೆ ಆಸುಪಾಸು, 3.25 ದಾಟಿದರೆ ಆಪರೇಷನ್ ಯೋಚಿಸುತ್ತಾರೆ. ಅದರ ಜೊತೆ ಆಟದಲ್ಲಿ ಬೇಗ ಏದುಸಿರು ಬರುತ್ತದೆಯೇ, ಹೃದಯ ಒತ್ತಿದೆಯೇ ಅನ್ನುವುದೂ ಮುಖ್ಯ. ಅಮೆರಿಕದ ಡಾ. ಡೊನಾಲ್ಡ್ ನಸ್ 1987ರಲ್ಲಿ ಮೊದಲು ಮಾಡಿ 1998ರಲ್ಲಿ ಪ್ರಕಟಿಸಿದ ವಿಧಾನ ಈಗ ಎಲ್ಲೆಡೆ ಬಳಕೆಯಲ್ಲಿದೆ. ಎದೆಯ ಎರಡೂ ಪಕ್ಕ ಸಣ್ಣ ಗಾಯ ಮಾಡಿ, ಬಾಗಿದ ಲೋಹದ ಪಟ್ಟಿಯನ್ನು ಎದೆಮೂಳೆಯ ಕೆಳಗೆ ತೂರಿಸಿ ತಿರುಗಿಸಿದರೆ ಗುಳಿ ಮೇಲೇಳುತ್ತದೆ. ಸುಮಾರು ಮೂರು ವರ್ಷದ ಮೇಲೆ ಪಟ್ಟಿ ತೆಗೆಯುತ್ತಾರೆ. ಹೊರಗೆ ಗಾಯ ಸಣ್ಣದು, ಆದರೆ ಮೊದಲ ದಿನಗಳ ನೋವು ದೊಡ್ಡದು. ಪಟ್ಟಿ ಹೃದಯದ ಮುಂದೆಯೇ ಹಾದುಹೋಗುವುದರಿಂದ ಇದು ಅನುಭವಿಗಳ ಕೆಲಸ. ಇಮಿಟೇಷನ್ ಸರ, ಬೆಲ್ಟ್ ಬಕಲ್ ತಗುಲಿ ಚರ್ಮ ಕೆರೆಯುವ ಮಗುವಾದರೆ ನಿಕ್ಕಲ್ ಅಲರ್ಜಿ ಇರಬಹುದು, ಮೊದಲೇ ಹೇಳಿ.

ಎದೆ, ಬೆನ್ನು ಎರಡೂ ಸೊಟ್ಟ, ಮಗು ತೆಳ್ಳಗೆ ಉದ್ದ, ಬೆರಳುಗಳೂ ಉದ್ದ, ಕಣ್ಣಿಗೆ ದಪ್ಪ ಕನ್ನಡಕ ಅಂದರೆ ಮಾರ್ಫನ್ ಎಂಬ ಆನುವಂಶಿಕ ತೊಂದರೆ ಇದೆಯೇ ಅಂತ ಕೇಳಿ, ಹೃದಯದ ಎಕೋ ಮಾಡಿಸಿ. ಇದರಲ್ಲಿ ಮಹಾಪಧಮನಿ ಹಿಗ್ಗುತ್ತದೆ, ಬೆನ್ನಿಗಿಂತ ಮೊದಲು ಅದರ ಚಿಕಿತ್ಸೆ ಆಗಬೇಕು.

ಖರ್ಚು

ಬಿಲ್ಲಿನಲ್ಲಿ ದೊಡ್ಡ ಭಾಗ ಸ್ಕ್ರೂ, ಸರಳುಗಳದ್ದು. ಎಷ್ಟು ಸ್ಕ್ರೂ, ಒಂದಕ್ಕೆ ಎಷ್ಟು, ಯಾವ ಕಂಪನಿ ಅಂತ ಬರೆಸಿಕೊಳ್ಳಿ, ಎರಡು ಕಡೆ ಹೋಲಿಸಿ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಆಗದಿದ್ದರೆ ಚೀಟಿ ಬರೆಸಿಕೊಂಡು ಮುಂದಕ್ಕೆ ಹೋಗುವುದು ಕ್ರಮ. ಬೆಂಗಳೂರಿನವರು ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ವಿಚಾರಿಸಬಹುದು. ರೇಷನ್ ಕಾರ್ಡ್, ಮಗುವಿನ ಆಧಾರ್, ಹಳೆಯ ಎಕ್ಸ್-ರೇಗಳನ್ನು ಒಂದೇ ಕವರಿನಲ್ಲಿ ಹಾಕಿಕೊಂಡು ಬೆಳಿಗ್ಗೆ ಬೇಗ ಹೊರಡಿ. ಒಪಿಡಿ ಚೀಟಿ ಸಾಲು ಉದ್ದ ಇರುತ್ತದೆ, ಮಗುವಿಗೆ ತಿಂಡಿ ಕಟ್ಟಿಕೊಳ್ಳುವುದು ಮರೆಯಬೇಡಿ.